ಸೆಕೆಯ ಊರಿನಲ್ಲಿ ಹೆಪ್ಪುಗಟ್ಟಿದ ಗೋದಿ

ಇಳಿದ ದಿನ

ಮಲೇಶಿಯಾಕ್ಕೆ ಹೋಗಿ ಬಂದವರು ಅವಳಿ ಗೋಪುರದ ಕೆಳಗೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಗೋದಿ ಕುಂಡಗಳ ಫೋಟೊ, ಅವೂ ಬಹುಪಾಲು ಸತ್ತವು. ಎಂಬತ್ತು ದಿನ ಆ ದೇಶದಲ್ಲಿದ್ದೆ. ಸಮುದ್ರ ನೋಡಲಿಲ್ಲ, ಗುಹೆಯೊಳಗಿನ ಗುಡಿ ನೋಡಲಿಲ್ಲ. ಧಾರವಾಡದ ಗೋದಿ ಹೊಲದಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿ ದುಡಿದವಳು ನಿವೃತ್ತಿಯಾದ ಮೇಲೆ ಮೊದಲ ಸಲ ವಿದೇಶಕ್ಕೆ ಹೋಗಿ ಅಲ್ಲೂ ಗೋದಿಯನ್ನೇ ಕಾದು ಬಂದಳು ಎಂದು ನಮ್ಮ ಓಣಿಯವರು ನಗುತ್ತಾರೆ. ನಗಲಿ, ಹಣೆಬರಹಕ್ಕೆ ಹೊಣೆ ಯಾರು.

ಕರೆಸಿಕೊಂಡವಳು ನನ್ನ ತಂಗಿಯ ಮಗಳು ಮಂದಾಕಿನಿ. ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್‌ಡಿ ಮಾಡುತ್ತಿದ್ದಳು. ತಂಗಿ ತೀರಿಕೊಂಡ ಮೇಲೆ ಆ ಹುಡುಗಿಗೆ ತವರು ಎಂದರೆ ನಾನೊಬ್ಬಳೇ. ಒಂದು ತಿಂಗಳು ಇದ್ದು ಹೋಗು ಎಂದು ಟಿಕೆಟ್ ಕಳಿಸಿದಳು. ೨೦೨೦ರ ಮಾರ್ಚ್ ಮೊದಲ ವಾರ ಹೊರಟೆ.

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ನನ್ನ ಚೀಲದಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಡಬ್ಬಿ ಹೊರಗೆ ತೆಗೆದರು. ಒಂದು ಬೀಜವನ್ನೂ ತರಬೇಡ ಎಂದು ಮಂದಾ ಹತ್ತು ಸಲ ಹೇಳಿದ್ದಳು. ಹಿಂಡಿಯೂ ಬೀಜದ್ದೇ ಎನ್ನುವುದು ನನಗೆ ಹೊಳೆದಿರಲಿಲ್ಲ. ಹುರಿದಿದ್ದೇನೆ, ಕುಟ್ಟಿದ್ದೇನೆ, ಇನ್ನು ಯಾವ ಜನ್ಮಕ್ಕೂ ಇದು ಮೊಳೆಯುವುದಿಲ್ಲ ಎಂದು ಕೈಸನ್ನೆ ಮಾಡಿದೆ. ತಲೆಗೆ ವಸ್ತ್ರ ಕಟ್ಟಿದ್ದ ಅಧಿಕಾರಿಣಿ ಮಾಸ್ಕ್ ಸರಿಸಿ ಮೂಸಿ ನೋಡಿದವಳು ಜೋರಾಗಿ ಸೀನಿಬಿಟ್ಟಳು. ಆ ತಿಂಗಳು ಸೀನುವುದೆಂದರೆ ಸಣ್ಣ ಮಾತಲ್ಲ. ಸುತ್ತಲಿದ್ದವರು ಹಾವು ಕಂಡವರಂತೆ ಸರಿದು ನಿಂತರು, ನನಗೆ ದಾರಿ ಸಿಕ್ಕಿತು.

ಮೂರನೇ ಮಹಡಿ

ಮಂದಾಳ ಮನೆಯಿಂದ ರಸ್ತೆ ದಾಟಿದರೆ ಕಾಲೇಜು. ಹೊರಗೆ ಮುಂಜಾನೆ ಎಂಟಕ್ಕೇ ಬೆನ್ನಿಗೆ ಬೆವರಿಳಿಯುವ ಸೆಕೆ. ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಗೋಡೆಯಗಲದ ಉಕ್ಕಿನ ಕಪಾಟು, ಅದಕ್ಕೊಂದು ಗಾಜಿನ ಕಿಟಕಿ. ಒಳಗೆ ಎರಡು ಡಿಗ್ರಿ ಚಳಿ, ನೀಲಿಗೆ ತಿರುಗಿದ ಬೆಳಕು, ನಲವತ್ತೆಂಟು ಕುಂಡ ಗೋದಿ.

ನನಗೆ ಗೊತ್ತಿದ್ದ ಗೋದಿಯಲ್ಲ ಅದು. ನಮ್ಮಲ್ಲಿ ಹಿಂಗಾರಿಗೆ ಬಿತ್ತಿದ ಗೋದಿ ನೆಟ್ಟಗೆ ಎದ್ದು ನಿಲ್ಲುತ್ತದೆ, ಗಾಳಿ ಬಂದರೆ ಸದ್ದು ಮಾಡುತ್ತದೆ. ಇವು ಎಲೆಗಳನ್ನು ಮಣ್ಣಿಗೆ ಹಚ್ಚಿ ಬೋರಲು ಮಲಗಿದ್ದವು. ಎರಡು ತಿಂಗಳ ಪೈರು ನನ್ನ ಕಿರುಬೆರಳಿಗಿಂತ ತುಸು ಉದ್ದ. ಹಸಿರೂ ಹಸಿರಲ್ಲ, ಕಪ್ಪಿಗೆ ಹತ್ತಿರ. ಗಾಜಿಗೆ ಮುಖ ಹಚ್ಚಿ ನೋಡಿದಾಗ ಇವು ಉಸಿರು ಬಿಗಿಹಿಡಿದು ನಾನು ಹೋಗುವುದನ್ನೇ ಕಾಯುತ್ತಿವೆ ಅನ್ನಿಸಿತು. ಮೂವತ್ತು ವರ್ಷದಲ್ಲಿ ಯಾವ ಬೆಳೆಗೂ ನಾನು ಅಂಜಿದವಳಲ್ಲ, ಅವತ್ತು ಅಂಜಿದೆ.

"ಬೆಳ್ಯೂದ ಮರತಾವೇನ ಇವು?" ಎಂದೆ.

"ಬೆಳ್ಯೂದು ಬಿಟ್ಟು ಸಕ್ಕರಿ ಕೂಡಿಡಾಕತ್ತಾವು ದೊಡ್ಡವ್ವಾ. ಒಂದ ಎಲಿ ತಿಂದ ನೋಡು," ಎಂದಳು ಮಂದಾ.

ಚಿವುಟಿ ಬಾಯಿಗೆ ಹಾಕಿಕೊಂಡೆ. ಸಿಹಿ. ಹುಲ್ಲು ಸಿಹಿಯಾಗಿದ್ದು ನನಗೆ ಸೇರಲಿಲ್ಲ, ಉಗುಳಿದೆ.

ಹಿಮ ಬೀಳುವ ದೇಶಗಳಲ್ಲಿ ಈ ಗೋದಿಯನ್ನು ಚಳಿಗಾಲದ ಮುಂಚೆಯೇ ಬಿತ್ತುತ್ತಾರಂತೆ. ಚಳಿ ದಿನದಿನಕ್ಕೆ ಏರುವಾಗ ಗಿಡಕ್ಕೆ ಸುದ್ದಿ ಮುಟ್ಟುತ್ತದೆ. ಅದು ಬೆಳೆಯುವುದನ್ನು ನಿಲ್ಲಿಸಿ, ಬುಡದ ಗೆಣ್ಣಿನಲ್ಲಿ ಸಕ್ಕರೆ ಕೂಡಿಟ್ಟು, ತನ್ನ ಜೀವಕಣಗಳೊಳಗಿನ ನೀರನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮಂಜುಗಡ್ಡೆ ಕಟ್ಟಿದರೆ ಕಣಗಳ ನಡುವಿನ ಸಂದಿಯಲ್ಲಿ ಕಟ್ಟಬೇಕು, ಒಳಗೆ ಕಟ್ಟಿದರೆ ಹರಿದುಹೋಗಿ ಸಾಯುತ್ತದೆ. ಹಾಗೆ ಒಣಗಿ ಮುದುಡಿಕೊಂಡು ತಿಂಗಳುಗಟ್ಟಲೆ ಹಿಮದಡಿ ಇರುತ್ತದೆ. ಮೇಲಿನ ಎಲೆ ಸತ್ತರೂ ಬುಡದ ಗೆಣ್ಣು ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಇಷ್ಟು ಚಳಿ ತಿನ್ನದಿದ್ದರೆ ಅದು ತೆನೆಯನ್ನೇ ಹಾಕುವುದಿಲ್ಲ, ಹುಲ್ಲಾಗಿಯೇ ಉಳಿಯುತ್ತದೆ.

"ಚಳೀನ ಸೊಲ್ಪ ಸೊಲ್ಪ ಕೊಡಬೇಕು, ಸೊಲ್ಪ ಸೊಲ್ಪ ತಗೀಬೇಕು. ಗಡಬಡಿಸಿದ್ರ ಹೋತು," ಎಂದಳು.

ಸೆಕೆಯ ದೇಶಕ್ಕೆ ಬಂದು ಚಳಿಯ ಬೆಳೆ ಹಿಡಿದುಕೊಂಡ ಹುಚ್ಚಿ ಎಂದು ಚೇಷ್ಟೆ ಮಾಡಿದೆ. ಇಲ್ಲಿ ಚಳಿ ಎನ್ನುವುದು ನಾನು ಕೊಟ್ಟಷ್ಟೇ, ಅದಕ್ಕೇ ಅಳೆಯಲು ಸಲೀಸು ಎಂದಳು. ಮೂರು ವರ್ಷ ತಳಿಯಿಂದ ತಳಿಗೆ ಕೂಡಿಸಿ ಅವಳು ಪಡೆದ ಬೀಜ ಆ ಕುಂಡಗಳಲ್ಲಿತ್ತು. ಅವನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ, ಕರಗಿಸಿ, ಯಾವುದು ಬದುಕಿತು ಯಾವುದು ಸತ್ತಿತು ಎಂದು ಎಣಿಸಿದರೆ ಅವಳ ಪ್ರಬಂಧ ಮುಗಿದಂತೆ.

ಬಾಗಿಲು ಹಾಕಿದ ವಾರ

ತಾಸುತಾಸಿಗೆ ಡಿಗ್ರಿಯನ್ನು ತಾನೇ ಇಳಿಸುವ ಎಲೆಕ್ಟ್ರಾನಿಕ್ ಹಲಗೆಯೊಂದು ಕಪಾಟಿನಲ್ಲಿತ್ತು. ಅದು ಕೆಟ್ಟಿತು. ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಅಂಥ ಹಲಗೆ ರಿಪೇರಿ ಮಾಡುವವರಿದ್ದಾರೆ, ಎರಡು ದಿನದಲ್ಲಿ ಬರುತ್ತೇನೆ ಎಂದು ಮಂದಾ ಸೋಮವಾರ ಮುಂಜಾನೆ ಬಸ್ ಹತ್ತಿದಳು. ಅವತ್ತು ಸಂಜೆ ಟಿವಿಯಲ್ಲಿ ಪ್ರಧಾನಿ ಮಾತಾಡಿದರು. ಬುಧವಾರದಿಂದ ಯಾರೂ ಹೊರಗೆ ಬರುವಂತಿಲ್ಲ. ಬಸ್ಸಿಗೆ ಮುಗಿಬಿದ್ದ ಜನರಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಹದಿನಾಲ್ಕು ದಿನ ಎಂದಿದ್ದು ಇಪ್ಪತ್ತೆಂಟಾಯಿತು, ಆಮೇಲೆ ಅದೂ ಸಾಲಲಿಲ್ಲ.

ಗಿಡಕ್ಕೆ ನೀರು ಹಾಕಲು, ದೀಪ ಹಾಕಿ ಆರಿಸಲು ಒಬ್ಬರು ಬೇಕೇಬೇಕಲ್ಲ. ವಿಭಾಗದ ಮುಖ್ಯಸ್ಥೆ ನನ್ನ ಹೆಸರಿಗೆ ಒಂದು ಅನುಮತಿ ಪತ್ರ ಕಳಿಸಿದರು. ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು ದಿನಕ್ಕೆ ಎರಡು ಸಲ ರಸ್ತೆ ದಾಟುತ್ತಿದ್ದೆ. ಪಕ್ಕದ ಮನೆಯ ತಮಿಳು ಹೆಂಗಸು "ಅಕ್ಕಾ, ತಪಾವ್!" ಎಂದು ಕೂಗಿ ಬಾಗಿಲ ಹಿಡಿಕೆಗೆ ಅನ್ನದ ಪೊಟ್ಟಣ ತೂಗುಹಾಕಿ ಹೋಗುತ್ತಿದ್ದಳು. ತಪಾವ್ ಎಂದರೆ ಅಲ್ಲಿ ಕಟ್ಟಿಸಿಕೊಂಡ ಊಟ. ಎರಡು ತಿಂಗಳಲ್ಲಿ ಅವಳ ಮುಖ ನಾನು ಪೂರ್ತಿ ನೋಡಿದ್ದಿಲ್ಲ.

ಜನ ಹೋದ ಮೇಲೂ ಯಂತ್ರಗಳು ತಮ್ಮ ಕೆಲಸ ಬಿಟ್ಟಿರಲಿಲ್ಲ. ಕಾಲೇಜಿನ ಲಿಫ್ಟು ತಂತಾನೇ ಕೆಳಗಿಳಿದು ಬಾಗಿಲು ತೆರೆದು, ಒಬ್ಬ ಹೆಂಗಸಿನ ದನಿಯಲ್ಲಿ ಮಲಯದಲ್ಲಿ ಏನೋ ಹೇಳಿ, ಸ್ವಲ್ಪ ಹೊತ್ತು ಕಾದು ಮುಚ್ಚಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಮುಂಬಾಗಿಲಿನ ಗಾಜು ಎರಡೂ ಕಡೆಗೆ ಸರಿಯಿತು. ಯಾರು ಬಂದರು ಎಂದು ತಿರುಗಿದರೆ ಮನುಷ್ಯರಿಲ್ಲ. ಕೆಳಗೆ ನೋಡಿದೆ. ಮಾರುದ್ದದ ಉಡ ಹೊಸ್ತಿಲ ಮೇಲೆ ನಿಂತು ನಾಲಿಗೆ ಚಾಚಿ ಒಳಗಿನ ತಂಪು ನೆಕ್ಕುತ್ತಿತ್ತು. ನಮ್ಮೂರಲ್ಲಿ ಉಡ ಮನೆ ಹೊಕ್ಕರೆ ಶಾಂತಿ ಮಾಡಿಸುವವರಿದ್ದಾರೆ. ಇಲ್ಲಿ ಬಾಗಿಲೇ ಅದಕ್ಕೆ ಮರ್ಯಾದೆ ಕೊಟ್ಟು ಸರಿದಿತ್ತು.

ಅಲ್ಲಿದ್ದ ಒಬ್ಬನೇ ಮನುಷ್ಯ ಕಾವಲಿನ ಗುರುಂಗ್, ನೇಪಾಳದವನು, ಐವತ್ತು ದಾಟಿದವನು. ದಿನವೂ ನನ್ನ ಹಣೆಗೆ ಜ್ವರ ನೋಡುವ ಪಿಸ್ತೂಲು ಹಿಡಿದು ಅಂಕಿ ಓದಿ ಒಳಗೆ ಬಿಡುತ್ತಿದ್ದ. ನನ್ನ ಧಾರವಾಡದ ಹಿಂದಿ, ಅವನ ಗುಡ್ಡದ ಹಿಂದಿ, ಹೇಗೋ ಹೊಂದಿಕೊಂಡವು. ಕಪಾಟು ತೋರಿಸಿದಾಗ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಅವನ ಮನೆಯ ಜವೆಗೋದಿ ಹೊಲ ವರ್ಷದಲ್ಲಿ ಮೂರು ತಿಂಗಳು ಹಿಮದಡಿ ಇರುತ್ತದಂತೆ. ಆ ದಿನಗಳಲ್ಲಿ ಹೊಲದ ಮೇಲೆ ಕಾಲಿಡಲು ಅವನ ತಾಯಿ ಬಿಡುತ್ತಿರಲಿಲ್ಲವಂತೆ. ಹೆಪ್ಪುಗಟ್ಟಿದ ಎಲೆಯನ್ನು ತುಳಿದರೆ ಗಾಜಿನಂತೆ ಮುರಿಯುತ್ತದೆ, ಆಮೇಲೆ ಬುಡವೂ ಉಳಿಯುವುದಿಲ್ಲ.

"ಮರಾ ನಹೀ ಹೈ, ಸೋಯಾ ಹೈ," ಎಂದ. ಸತ್ತಿಲ್ಲ, ಮಲಗಿದೆ. ಅದನ್ನೂ ಪಿಸುದನಿಯಲ್ಲಿ ಹೇಳಿದ. ಅಂದಿನಿಂದ ಆ ಕೋಣೆಯಲ್ಲಿ ನಾನೂ ಪಿಸುದನಿಯಲ್ಲೇ ಮಾತಾಡತೊಡಗಿದೆ. ಯಾರ ನಿದ್ದೆ ಕೆಡುತ್ತಿತ್ತೋ ದೇವರೇ ಬಲ್ಲ.

ಗೆರೆಯಿಂದ ಗೆರೆಗೆ

ಮಾರ್ಚ್ ಕೊನೆಗೆ ಮಂದಾ ಕೆಮ್ಮತೊಡಗಿದಳು. ಪೆನಾಂಗ್‌ನಲ್ಲಿ ಅವಳಿಗೆ ಜಾಗ ಕೊಟ್ಟಿದ್ದ ಮನೆಯವರಿಗೆ ಮೊದಲು ಸೋಂಕು ಬಂತು, ಆಮೇಲೆ ಇವಳಿಗೆ. ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮುನ್ನೂರೈವತ್ತು ಕಿಲೋಮೀಟರ್ ದೂರ, ನಡುವೆ ಪೊಲೀಸರು. ಹೋಗುವಂತಿಲ್ಲ, ನೋಡುವಂತಿಲ್ಲ. ಫೋನ್ ಒಂದೇ.

"ಆರಾಮ ಅದೀನಿ ದೊಡ್ಡವ್ವಾ," ಎನ್ನುತ್ತಿದ್ದಳು. "ಗೋದಿ ತಡಿಯಾಂಗಿಲ್ಲ. ಈ ವಾರನ ಹೆಪ್ಪಗಟ್ಟಸಬೇಕು."

ಅದಕ್ಕೂ ಒಂದು ಹದ ಇದೆಯಂತೆ. ಬೇಕಾದಷ್ಟು ಚಳಿ ತಿಂದ ಗೋದಿಗೆ ಇನ್ನು ತೆನೆ ಹಾಕಬೇಕು ಎನ್ನುವ ಬುದ್ಧಿ ಹುಟ್ಟುತ್ತದೆ. ಆ ಬುದ್ಧಿ ಹುಟ್ಟಿದ ದಿನದಿಂದ ಚಳಿ ತಡೆಯುವ ಶಕ್ತಿ ಇಳಿಯುತ್ತ ಹೋಗುತ್ತದೆ. ತಡಮಾಡಿದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು.

ಹಲಗೆ ಇಲ್ಲದ್ದರಿಂದ ಕಪಾಟಿನ ಚಳಿಯ ತಿರುಗುಣಿಯನ್ನು ಕೈಯಲ್ಲೇ ತಿರುಗಿಸಬೇಕಿತ್ತು. ತಿರುಗುಣಿಯ ಸುತ್ತ ಪಟ್ಟಿ ಅಂಟಿಸಿ ಒಂದೊಂದು ಡಿಗ್ರಿಗೆ ಒಂದೊಂದು ಗೆರೆ ಎಳೆಯುವುದನ್ನು ಮಂದಾ ವಿಡಿಯೋದಲ್ಲಿ ಹೇಳಿಕೊಟ್ಟಳು. ನಮ್ಮ ಲೆಕ್ಕ ಸರಳ. ಚಳಿ ಎಂದರೆ ಗೆರೆ, ಅಂಕಿ ಎಂದರೆ ಗಡಿಯಾರ. "ಎಂಟಕ್ಕ ದೀಪ ಹಾಕು, ಆರಕ್ಕ ಆರಿಸು, ತಾಸಿಗೆ ಒಂದ ಗೆರಿ ಇಳಸು."

ಗುರುಂಗ್ ಅವತ್ತು ನಸುಕಿಗೇ ಬಾಗಿಲು ತೆರೆದ. ಮಂದಾಳ ಸ್ವೆಟರು ಹಾಕಿಕೊಂಡು ಕಪಾಟಿನ ಮುಂದೆ ಕುರ್ಚಿ ಇಟ್ಟು ಕುಳಿತೆ. ಸೊನ್ನೆ ದಾಟಿ ಮೂರನೇ ಗೆರೆಗೆ ಬಂದಾಗ, ಅವಳು ಹೇಳಿದ್ದಂತೆ, ಪ್ರತಿ ಕುಂಡಕ್ಕೂ ಒಂದು ಚೂರು ಮಂಜುಗಡ್ಡೆ ಹಾಕಿದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಅದು. ಒಂದು ಚೂರಿನಿಂದ ಉಳಿದ ನೀರೂ ಗಡ್ಡೆ ಕಟ್ಟುವುದನ್ನು ಕಲಿಯುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಬರತೊಡಗಿತು. ಟಿಕ್. ಆಮೇಲೆ ಇನ್ನೊಂದು ಮೂಲೆಯಿಂದ ಟಿಕ್. ಮಣ್ಣೊಳಗೆ ಮಂಜು ನಡೆಯುವ ಸದ್ದು ಎಂದ ಗುರುಂಗ್. ಕಿಟಕಿಯಾಚೆ ಬಿಸಿಲಿನಲ್ಲಿ ತೆಂಗಿನ ಗರಿ ಹೊಳೆಯುತ್ತಿತ್ತು, ಕಾಲೇಜಿನ ಹೊರಗೆ ಪೊಲೀಸ್ ಗಾಡಿ ಮನೆಯಲ್ಲೇ ಇರಿ ಎಂದು ಸಾರುತ್ತ ಹೋಗುತ್ತಿತ್ತು. ನಾನು ತಿರುಗುಣಿ ಹಿಡಿದು ಒಂದೊಂದೇ ಗೆರೆ ಸಾವಿನ ಕಡೆಗೆ ಸರಿಸುತ್ತ ಕುಳಿತಿದ್ದೆ. ಸಂಜೆ ಆರಕ್ಕೆ ಕೊನೆಯ ಗೆರೆ ಮುಟ್ಟಿತು. ಎಲೆಗಳು ಕಡ್ಡಿಯಂತೆ ಸೆಟೆದು, ಮೇಲೆ ಬಿಳಿ ನವಿರು ಎದ್ದಿತ್ತು.

ಮನೆಗೆ ಬಂದು ಫೋನ್ ನೋಡಿದರೆ ಮಂದಾಳ ದನಿಯ ಸಂದೇಶ ಬಂದಿತ್ತು. ಮಾತಿಗಿಂತ ಉಸಿರೇ ಹೆಚ್ಚು. "ದೊಡ್ಡವ್ವಾ... ನಾಳೆ ತಗದು... ನಾಲ್ಕಕ್ಕ ಇಡು... ಆಮ್ಯಾಲೆ ಬೆಳಕಿಗೆ."

ಮತ್ತೆ ಕೇಳೋಣವೆಂದು ಕರೆದೆ, ಎತ್ತಲಿಲ್ಲ. ನನ್ನ ಕಿವಿ ಆ ಉಸಿರಿನ ಮೇಲೇ ಇತ್ತು, ಮಾತಿನ ಕಡೆ ಲಕ್ಷ್ಯ ಎಲ್ಲಿಯದು. ಮರುದಿನ ಮಧ್ಯಾಹ್ನ ಸರಿಯಾಗಿ ನಾಲ್ಕು ಗಂಟೆಗೆ ನಲವತ್ತೆಂಟೂ ಕುಂಡಗಳನ್ನು ಮಂಜಿನಿಂದ ತೆಗೆದು ಪಕ್ಕದ ಕೋಣೆಯ ಬೆಳಕಿಗೆ ಇಟ್ಟೆ. ಅಲ್ಲಿ ಇಪ್ಪತ್ತೆರಡು ಡಿಗ್ರಿ.

ಅರ್ಧ ತಾಸಿನಲ್ಲಿ ಎಲೆಗಳು ಕುದಿಸಿದ ಪಾಲಕದಂತೆ ಕಪ್ಪಗೆ ಮೆತ್ತಗಾಗಿ ಕುಂಡದ ಅಂಚಿಗೆ ಜೋತುಬಿದ್ದವು. ಕೋಣೆಯ ತುಂಬ ಹಸಿ ಹುಲ್ಲು ಬೆಂದ ವಾಸನೆ. ಎಲೆ ಸಾಯುವುದು ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡು, ಹೇಳಿಕೊಟ್ಟಂತೆ ಎಲೆಗಳನ್ನೆಲ್ಲ ಬುಡದವರೆಗೆ ಕತ್ತರಿಸಿ ಹಾಕಿದೆ.

ಸುಳ್ಳಿನ ದಿನಗಳು

ಎರಡು ದಿನ ಫೋನ್ ಇಲ್ಲ. ಮೂರನೇ ದಿನ ಬಂತು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದಾರೆ, ಹೆದರಬೇಡ ಎಂದಳು. ಆಮೇಲೆ ಕೇಳಿದಳು, "ನಾಲ್ಕರಾಗ ಎಷ್ಟ ತಾಸು ಇಟ್ಟಿದ್ದಿ?"

"ನಾಲ್ಕರಾಗ?"

"ನಾಲ್ಕ ಡಿಗ್ರಿ ದೊಡ್ಡವ್ವಾ. ಸಣ್ಣ ಫ್ರಿಜ್ಜಿನ್ಯಾಗ. ಒಂದ ದಿನಾ ಇಟ್ಟು ಆಮ್ಯಾಲೆ ಬೆಳಕಿಗೆ ಅಂದಿದ್ನಲ್ಲ."

ಸ್ವಲ್ಪ ಸ್ವಲ್ಪ ಕೊಡಬೇಕು, ಸ್ವಲ್ಪ ಸ್ವಲ್ಪ ತೆಗೆಯಬೇಕು ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಕೊಡುವಾಗ ಇದ್ದ ಬುದ್ಧಿ ತೆಗೆಯುವಾಗ ಎಲ್ಲಿ ಹೋಗಿತ್ತು? ಬೇರೆ ಯಾವ ಭಾಷೆಯವಳಾದರೂ ಗಂಟೆಯೋ ಡಿಗ್ರಿಯೋ ಎಂದು ಕೇಳುತ್ತಿದ್ದಳು. ನಮಗೆ ನಾಲ್ಕಕ್ಕೆ ಎಂದರೆ ನಾಲ್ಕು ಗಂಟೆಯೇ, ಚಹಾಕ್ಕೆ ಕರೆದಷ್ಟು ನಂಬಿಕೆ.

"ಒಂದ ದಿನಾ ಪೂರ್ತಿ ಇಟ್ಟಿದ್ದೆ," ಎಂದೆ.

ಅತ್ತ ಕಡೆ ಉಸಿರು ಸಮಾಧಾನವಾಗಿದ್ದು ಕೇಳಿಸಿತು. ಆ ಉಸಿರಿಗಾಗಿಯೇ ಸುಳ್ಳು ಹೇಳಿದೆ, ಇನ್ನೊಮ್ಮೆ ಹೇಳು ಎಂದರೂ ಹೇಳುತ್ತಿದ್ದೆ. ಆದರೆ ಒಂದು ಸುಳ್ಳಿಗೆ ಒಂಟಿಯಾಗಿ ಬಾಳಲು ಬರುವುದಿಲ್ಲ. ವಾರದ ಮೇಲೆ ಅವಳು ದಿನಾ ಕೇಳತೊಡಗಿದಳು, "ಹಸರು ಕಂಡೈತೇನು?" ಕಂಡಿರಲಿಲ್ಲ. ಒಂದು ದಿನ ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು. ಕಂಡೈತಿ ಎಂದೆ. ಯಾವ ಯಾವ ಕುಂಡ ಎಂದಳು. ಬಾಯಿಗೆ ಬಂದ ಅಂಕಿ ಹೇಳಿದೆ. ಮೂರು, ಹನ್ನೊಂದು, ಇಪ್ಪತ್ತು. ದಿನಕ್ಕೆರಡು ಕುಂಡದಂತೆ ಸತ್ತವನ್ನು ಎಬ್ಬಿಸುತ್ತ ಹೋದೆ. ಅವಳು ಅತ್ತ ಬರೆದುಕೊಳ್ಳುತ್ತಿದ್ದಳು. ಇತ್ತ ನಾನು ನಲವತ್ತೆಂಟು ಬೋಳು ಬುಡಗಳ ಮುಂದೆ ನಿಂತಿರುತ್ತಿದ್ದೆ.

ಆ ಕೋಣೆಗೆ ಹೋಗಲು ಈಗ ನಿಜವಾಗಿ ಹೆದರಿಕೆಯಾಗುತ್ತಿತ್ತು. ನಾನು ಹೆಸರು ಹೇಳಿದ ಕುಂಡಗಳು ನನ್ನನ್ನೇ ನೋಡುತ್ತಿವೆ ಎನ್ನಿಸುತ್ತಿತ್ತು. ಹನ್ನೊಂದನೆಯದಕ್ಕೆ ಬೆನ್ನು ಹಾಕಿ ನೀರು ಹಾಕುತ್ತಿದ್ದೆ. ಹಗಲು ಹನ್ನೆರಡಕ್ಕೆ, ಎಲ್ಲ ದೀಪ ಉರಿಯುವಾಗ, ಗಿಡಕ್ಕೆ ಅಂಜುವ ಹೆಂಗಸು. ಬಾಗಿಲಲ್ಲಿ ನಿಂತ ಗುರುಂಗ್ ನನ್ನ ಫೋನಿನ ಮಾತು ಅರ್ಥವಾಗದಿದ್ದರೂ ನನ್ನ ಮುಖ ಓದಿದ್ದ. ಹಿಮ ಕರಗಿದ ಮೇಲೆ ತನ್ನ ತಾಯಿ ಹೊಲಕ್ಕೆ ಹೋಗಿ ಮಣ್ಣು ಕೆದರಿ ನೋಡುತ್ತಿದ್ದಳಂತೆ. ಕಂಡದ್ದನ್ನಷ್ಟೇ ಮನೆಗೆ ಬಂದು ಹೇಳುತ್ತಿದ್ದಳಂತೆ. ಹೊಲ ಸತ್ತ ವರ್ಷ ಸತ್ತಿದೆ ಎಂದೇ ಹೇಳಿದಳಂತೆ, ಅದಕ್ಕೇ ಆ ವರ್ಷ ಬೇರೆ ಬಿತ್ತಲು ಹೊತ್ತು ಸಿಕ್ಕಿತಂತೆ. ಅಷ್ಟು ಹೇಳಿ ಅವನು ಕೆಳಗಿಳಿದು ಹೋದ.

ನಳಿಗೆ ತೆಗೆದಿದ್ದಾರೆ ಎಂದು ಮಂದಾ ಹೇಳಿದ ದಿನ ನಾನು ಬಾಯಿಬಿಟ್ಟೆ. ಗಂಟೆಯ ನಾಲ್ಕು, ಬೆಂದ ಎಲೆ, ಸುಳ್ಳು ಅಂಕಿಗಳು, ಎಲ್ಲ. ಅವಳು ಫೋನ್ ಇಟ್ಟುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಣ್ಣವಳಿದ್ದಾಗ ಅವಳಿಗೆ ಕಲಿಸಿದವಳೇ ನಾನು.

ಎಣಿಕೆ

ಮೂರು ದಿನ ಫೋನ್ ಬರಲಿಲ್ಲ. ನಾಲ್ಕನೇ ಮುಂಜಾನೆ ಇಪ್ಪತ್ತೇಳನೇ ಕುಂಡದಲ್ಲಿ ಒಂದು ಹಸಿರು ಮುಳ್ಳು ಕಂಡಿತು. ಸೂಜಿಯಷ್ಟೇ ದಪ್ಪ. ನಾನು ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಬೆರಳು ಮುಟ್ಟಿಸಿದೆ, ಗಟ್ಟಿಯಾಗಿತ್ತು. ಐದರಲ್ಲೂ ಇತ್ತು, ನಲವತ್ತರಲ್ಲೂ ಇತ್ತು. ಅಳುತ್ತ ಅಳುತ್ತ ಫೋಟೊ ತೆಗೆದು ಕಳಿಸಿದೆ.

ತಾಸಿನ ಮೇಲೆ ಕರೆ ಬಂತು. "ಇದು ಯಾವಾಗಿನ ಫೋಟೊ?" ಎಂದಳು. ದನಿಯಲ್ಲಿ ದೊಡ್ಡವ್ವ ಎನ್ನುವ ಮಾತಿರಲಿಲ್ಲ.

"ಈಗಿಂದು. ನಿನ್ನ ತಾಯಿ ಆಣಿ."

"ಆಣಿ ಬ್ಯಾಡ. ಗುರುಂಗ್ ಅವರಿಗೆ ಫೋನ್ ಕೊಡು."

ಕೊಟ್ಟೆ. ಮೂವತ್ತು ವರ್ಷ ಹೊಲದಲ್ಲಿ ನಾನು ಕೊಟ್ಟ ಎಣಿಕೆಯನ್ನು ಯಾವ ಸಾಹೇಬನೂ ಮರಳಿ ಎಣಿಸಿದ್ದಿಲ್ಲ. ಈಗ ನನ್ನ ತಂಗಿಯ ಮಗಳು ಕಾವಲಿನವನ ಸಾಕ್ಷಿ ಕೇಳುತ್ತಿದ್ದಳು. ಕೇಳುವ ಹಕ್ಕು ಅವಳಿಗಿತ್ತು, ಅದಕ್ಕೇ ಹೆಚ್ಚು ನೋವಾಯಿತು. ಗುರುಂಗ್ ಬಗ್ಗಿ ಕುಂಡಗಳನ್ನು ನೋಡಿ, "ಹೈ, ಮೇಡಂ. ಹರಾ ಹೈ," ಹಸಿರಿದೆ ಎಂದು ಮೆಲ್ಲಗೆ ಹೇಳಿ ಫೋನ್ ನನ್ನ ಕೈಗೆ ಕೊಟ್ಟ.

ಇನ್ನೂ ಎರಡು ವಾರ ಕಾಯಬೇಕು, ಆಮೇಲೆ ಎಣಿಸಬೇಕು, ಅಲ್ಲಿಯವರೆಗೆ ನನಗೆ ಏನೂ ಹೇಳಬೇಡ ಎಂದಳು ಮಂದಾ. ಹೇಳಲಿಲ್ಲ. ಅವಳ ಎರಡು ಪರೀಕ್ಷೆಯಲ್ಲೂ ಸೋಂಕಿಲ್ಲ ಎಂದು ಬಂದು ಆಸ್ಪತ್ರೆಯಿಂದ ಬಿಟ್ಟರು. ದಾರಿ ಮಾತ್ರ ಇನ್ನೂ ತೆರೆದಿರಲಿಲ್ಲ. ಎರಡು ವಾರ ಮುಗಿದ ಮುಂಜಾನೆ ಕರೆದಳು.

"ಒಂದರಿಂದ ಸುರು ಮಾಡು. ಸತ್ತದ್ದನ್ನೂ ಹೇಳು."

ಮೊದಲ ಕುಂಡದ ಬುಡವನ್ನು ಬೆರಳಿನಿಂದ ಒತ್ತಿದೆ. ಮೆತ್ತಗೆ ಕೊಳೆತಿತ್ತು. "ಒಂದು, ಸತ್ತೈತಿ," ಎಂದೆ. "ಎರಡು, ಸತ್ತೈತಿ. ಮೂರು, ಸತ್ತೈತಿ." ಮೂರು ನಾನು ಸುಳ್ಳು ಹೇಳಿ ಎಬ್ಬಿಸಿದ ಮೊದಲ ಕುಂಡ. ಅತ್ತ ಪೆನ್ನಿನ ಸದ್ದು. "ನಾಲ್ಕು, ಸತ್ತೈತಿ. ಐದು, ಐತಿ." ಹೊರಗೆ ಲಿಫ್ಟಿನ ಹೆಂಗಸು ಯಾರಿಗೋ ಬಾಗಿಲು ತೆರೆದು ಏನೋ ಹೇಳಿ ಸುಮ್ಮನಾದಳು. ಹನ್ನೊಂದನೆಯದಕ್ಕೆ ಈ ಸಲ ಮುಖ ಕೊಟ್ಟು ನಿಂತು, ಸತ್ತೈತಿ ಎಂದೆ. ಟಿವಿಯಲ್ಲಿ ದಿನಾ ಸಂಜೆ ಇಂಥದ್ದೇ ಎಣಿಕೆ ಕೇಳುತ್ತಿದ್ದೆವಲ್ಲ, ನನ್ನ ದನಿಯೂ ಅದೇ ದನಿಯಾಗಿತ್ತು. ನಲವತ್ತೆಂಟು ಮುಗಿಯುವ ಹೊತ್ತಿಗೆ ಮೂವತ್ತೊಂಬತ್ತು ಸತ್ತಿದ್ದವು, ಒಂಬತ್ತು ಇದ್ದವು.

"ನನ್ನ ತಪ್ಪಿನಿಂದ ಎಷ್ಟು ಸತ್ತಾವು, ಚಳಿಯಿಂದ ಎಷ್ಟು ಸತ್ತಾವು, ಗೊತ್ತಾಕ್ಕೈತೇನ ಮಂದಾ?"

"ಇಲ್ಲ. ಇದನ್ನ ಪ್ರಬಂಧದಾಗ ಹಾಕಾಕ ಬರಾಂಗಿಲ್ಲ. ಮತ್ತ ಬಿತ್ತಬೇಕು." ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. "ಒಂಬತ್ತರ ಬೀಜ ಮಾತ್ರ ಕಾದಿಡತೀನಿ, ದೊಡ್ಡವ್ವಾ."

ಆ ಕರೆಯಲ್ಲಿ ಮೊದಲ ಸಲ ದೊಡ್ಡವ್ವ ಎಂದಿದ್ದಳು. ಫೋನ್ ಇಡುತ್ತಾಳೆ ಎಂದುಕೊಂಡೆ, ಇಡಲಿಲ್ಲ.

"ಈಗ ನಂದು ಕೇಳು," ಎಂದಳು. "ಆರಾಮ ಅದೀನಿ, ಆರಾಮ ಅದೀನಿ ಅಂತ ನಾ ದಿನಾ ಹೇಳತಿದ್ನಲ್ಲ, ಅದರಾಗ ಐದ ದಿನಾ ಸುಳ್ಳು. ಯಾವ್ಯಾವ ದಿನಾ, ಏನೇನಾತು, ಒಂದರಿಂದ ಹೇಳಲೇನು?"

ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಕುಳಿತೆ.

"ಹೇಳವಾ," ಎಂದೆ.